ಉಳುವ ಇಂಜಿನ್ನು ತೊಟ್ಟಿಲು ತಿರುಗಿಸಿದ ಕಥೆ

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದರು. ಷೇರು, ಠೇವಣಿ, ವಸೂಲಾತಿಯ ಲೆಕ್ಕವೆಲ್ಲ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ಆದ್ದರಿಂದ ನಾವು, ಹೊಲದಲ್ಲಿ ದುಡಿದು ಹಳತಾದ ಟ್ರ್ಯಾಕ್ಟರ್ ಇಂಜಿನ್ನು ಜಾತ್ರೆಯ ತೊಟ್ಟಿಲಿಗೆ ಹೋದ ಕಥೆ ಬರೆಯೋಣ ಅಂದುಕೊಂಡೆವು. ಸಾಲ ಮಾಡಿ ಟ್ರ್ಯಾಕ್ಟರು ತಂದವರು ನಮ್ಮಲ್ಲಿ ಬಹಳ ಮಂದಿ. ಅದು ಕಡೆಗೆ ಎಲ್ಲಿಗೆ ಹೋಯಿತು ಅಂತ ಕೇಳಿದವರು ಕಡಿಮೆ.

ಮೈಸೂರು ಕಡೆಯವರಿಗೆ ತೊಟ್ಟಿಲು ಅಂದರೆ ಮೊದಲು ನೆನಪಾಗುವುದು ದಸರಾ ವಸ್ತುಪ್ರದರ್ಶನ. 1880ರಲ್ಲಿ ಹತ್ತನೇ ಚಾಮರಾಜ ಒಡೆಯರು ಅದನ್ನು ಆರಂಭಿಸಿದ್ದು, ಹೊಸ ಕಾಲದ ವಸ್ತುಗಳ ಪರಿಚಯ ಜನರಿಗೆ ಆಗಲಿ ಎಂದು. ಈಗ ಅರಮನೆ ಎದುರಿನ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತದೆ. ನಮ್ಮ ಹಳ್ಳಿಯವರು ಮಳಿಗೆ ಸುತ್ತಿ, ಡೆಲ್ಲಿ ಹಪ್ಪಳ ತಿಂದು, ಮಕ್ಕಳನ್ನು ಜೈಂಟ್ ವೀಲ್ ಹತ್ತಿಸಿ ರಾತ್ರಿ ಬಸ್ಸಿಗೆ ಬರುತ್ತಾರೆ. ನಗರದಲ್ಲಿ ಕರೆಂಟು ಇದೆ, ಮೋಟಾರು ಹಾಕಬಹುದು. ಚುಂಚನಕಟ್ಟೆ, ಮುಡುಕುತೊರೆಯಂಥ ದನಗಳ ಜಾತ್ರೆಗೆ, ಊರ ಹಬ್ಬದ ಬಯಲಿಗೆ ನಾಲ್ಕು ದಿನಕ್ಕಾಗಿ ಅಷ್ಟು ಕರೆಂಟು ಯಾರು ಕೊಡುತ್ತಾರೆ? ಹಿಂದೆ ಅಲ್ಲಿ ಮರದ ತೊಟ್ಟಿಲನ್ನು ಆಳುಗಳೇ ಕೈಯಿಂದ ತಳ್ಳಿ ತಿರುಗಿಸುತ್ತಿದ್ದರು. ತೊಟ್ಟಿಲು ಕಬ್ಬಿಣದ್ದಾಗಿ ಎತ್ತರವಾದಂತೆ ಕೈಬಲ ಸಾಲದಾಯಿತು, ಇಂಜಿನ್ನು ಬಂತು.

ಇದೇನೂ ನಾವೇ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಕಿಂಗ್ಸ್ ಲಿನ್ ಎಂಬ ಊರಿನಲ್ಲಿ ಫ್ರೆಡರಿಕ್ ಸ್ಯಾವೇಜ್ ಎಂಬುವರು ಮೊದಲು ಬೇಸಾಯದ ಯಂತ್ರ ಮಾಡುತ್ತಿದ್ದವರು. ಆಮೇಲೆ ಉಗಿಯಂತ್ರದಿಂದ ತಿರುಗುವ ಜಾತ್ರೆ ಕುದುರೆಗಳನ್ನು ಮಾಡಿ ಹೆಸರಾದರು. 1893ರಲ್ಲಿ ಅಮೆರಿಕದ ಷಿಕಾಗೋ ಪ್ರದರ್ಶನದಲ್ಲಿ ಫೆರಿಸ್ ಎಂಬ ಇಂಜಿನಿಯರು ನಿಲ್ಲಿಸಿದ 264 ಅಡಿ ಎತ್ತರದ ಚಕ್ರವೂ ಉಗಿಯಂತ್ರದಿಂದಲೇ ತಿರುಗಿತು. ಅಂಥಾ ಚಕ್ರವನ್ನೂ 1906ರಲ್ಲಿ ಸಿಡಿಮದ್ದಿಟ್ಟು ಉರುಳಿಸಿ ಗುಜರಿಗೆ ಹಾಕಿದರು.

ನಮ್ಮ ದೇಶದಲ್ಲಿ ಟ್ರ್ಯಾಕ್ಟರು ತಯಾರಾಗತೊಡಗಿದ್ದು 1959ರಲ್ಲಿ, ಐಷರ್ ಕಂಪನಿಯಿಂದ. ಮುಂದೆ ಮ್ಯಾಸಿ ಫರ್ಗ್ಯುಸನ್ ಬಂತು, ಮಹೀಂದ್ರ ಬಂತು, 1971ರಿಂದ ಎಚ್‌ಎಂಟಿ ಬಂತು. ಇವುಗಳ ಹಳೇ ಇಂಜಿನ್ನು ತೊಟ್ಟಿಲಿಗೆ ಯಾಕೆ ಹೊಂದುತ್ತದೆ ಅನ್ನುವುದನ್ನು ಉತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೇಗಿಲು ಗಟ್ಟಿ ಮಣ್ಣಿಗೆ ಇಳಿದಾಗ ಇಂಜಿನ್ನು ಒಂದು ಸಲ ಮುಕ್ಕರಿದು ಮತ್ತೆ ತಾನೇ ಸರಿಹೋಗುತ್ತದಲ್ಲ, ಅದು ಗವರ್ನರ್ ಕೆಲಸ. ಭಾರ ಹೆಚ್ಚಿದರೆ ಡೀಸಲ್ಲು ಹೆಚ್ಚು ಬಿಡುತ್ತದೆ, ಇಳಿದರೆ ಕಡಿಮೆ ಮಾಡುತ್ತದೆ. ತೊಟ್ಟಿಲಿನಲ್ಲೂ ಹಾಗೇ. ಒಂದು ಪಕ್ಕ ಜನ ತುಂಬಿ ಇನ್ನೊಂದು ಪಕ್ಕ ಖಾಲಿ ಇದ್ದರೆ, ಭಾರದ ಪಕ್ಕ ಮೇಲೇರುವಾಗ ಇಂಜಿನ್ನು ಎಳೆಯಬೇಕು, ಇಳಿಯುವಾಗ ಚಕ್ರವೇ ಇಂಜಿನ್ನನ್ನು ಎಳೆಯುತ್ತದೆ. ಅದಕ್ಕೇ ತಿಳಿದ ತೊಟ್ಟಿಲಿನವನು ಜನರನ್ನು ಎದುರುಬದುರು ತೂಗಿ ಕೂರಿಸುತ್ತಾನೆ. ದಪ್ಪ ಫ್ಲೈವೀಲು, ನಿಧಾನದ ಗೇರು, ಕ್ಲಚ್ಚು ಎಲ್ಲವೂ ಟ್ರ್ಯಾಕ್ಟರಿನಲ್ಲೇ ಸಿಕ್ಕುತ್ತವೆ, ಹೊಸದಾಗಿ ಕೊಳ್ಳಬೇಕಿಲ್ಲ.

ಹಿಂದಿನ ಆಕ್ಸಲ್ಲಿನ ಉಪಯೋಗ ಇನ್ನೂ ಸ್ವಾರಸ್ಯ. ಕೆಸರಿನಲ್ಲಿ ಒಂದು ಚಕ್ರ ನಿಂತು ಇನ್ನೊಂದು ಗಿರಗಿರನೆ ಸುತ್ತುವುದನ್ನು ನೋಡಿ ನಾವೆಲ್ಲ ಬೈದುಕೊಂಡವರೇ. ಮೆಕ್ಯಾನಿಕ್ಕು ಅದನ್ನೇ ಬೇಕೆಂದು ಮಾಡುತ್ತಾನೆ. ಒಂದು ಪಕ್ಕದ ಬ್ರೇಕು ಬಿಗಿದರೆ ಇನ್ನೊಂದು ಪಕ್ಕ ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ. ಅಲ್ಲಿಗೆ ಪುಲ್ಲಿ ಹಾಕಿ ಹಗ್ಗ ಸುತ್ತಬಹುದು, ಇಲ್ಲವೇ ಟೈರನ್ನೇ ತೊಟ್ಟಿಲ ಚಕ್ರದ ಅಂಚಿಗೆ ಒತ್ತಿ ನಿಲ್ಲಿಸಬಹುದು. ಎಲ್ಲಾದರೂ ಸಿಕ್ಕಿಕೊಂಡರೆ ಟೈರು ಜಾರುತ್ತದೆ, ಕಬ್ಬಿಣ ಮುರಿಯುವುದು ತಪ್ಪುತ್ತದೆ. ಈ ಬುದ್ಧಿ ಇಂಜಿನಿಯರಿಂಗ್ ಕಾಲೇಜಿನಿಂದ ಬಂದದ್ದಲ್ಲ, ಗ್ಯಾರೇಜಿನ ಎಣ್ಣೆ ಕೈಯಿಂದ ಬಂದದ್ದು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ರೈತನಿಗೆ ಇದರಿಂದ ಏನು ಸಿಕ್ಕಿತು ಅಂದರೆ, ತೂಕದ ದುಡ್ಡು. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾನೆ, ಓಡುವ ಇಂಜಿನ್ನನ್ನು ಇಂಜಿನ್ನಾಗಿಯೇ ಮಾರುತ್ತಾನೆ. ಮಾರಿದ ಮೇಲೂ ರೈತನ ತಲೆನೋವು ಮುಗಿಯುವುದಿಲ್ಲ. ಆರ್‌ಸಿಯಲ್ಲಿ ಇಂಜಿನ್ ನಂಬರು ಅವನದೇ, ಸಾಲದ ಬ್ಯಾಂಕಿನ ಹೆಸರೂ ಹಾಗೇ ಇರುತ್ತದೆ. ಗಾಡಿ ಕಳಚಿ ಹಾಕಿದರೆ 14 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ತೀರುವಳಿ ಪತ್ರ ತೆಗೆದುಕೊಳ್ಳದೆ ಮಾರಿ ಆಮೇಲೆ ಸಂಘದ ಬಾಗಿಲಿಗೆ ಬಂದವರನ್ನು ನಾವು ಕಂಡಿದ್ದೇವೆ.

ಎಚ್‌ಎಂಟಿ ಟ್ರ್ಯಾಕ್ಟರ್ ಕಾರ್ಖಾನೆಯೇ 2016ರಲ್ಲಿ ಮುಚ್ಚಿತು. ಬೀಡಿನ ಮನೆ ಮುಚ್ಚಿದರೂ ಇಂಜಿನ್ನು ಸಾಯಲಿಲ್ಲ ಅನ್ನಬೇಕು.

ಒಂದು ವಿಷಯಕ್ಕೆ ಮಾತ್ರ ನಮಗೆ ಭಯ. ಹೊಲದಲ್ಲಿ ಇಂಜಿನ್ನಿನ ಹತ್ತಿರ ಇರುವವನು ಒಬ್ಬ ಡ್ರೈವರು. ಜಾತ್ರೆಯಲ್ಲಿ ಹತ್ತಿರ ಸುಳಿಯುವವರು ಲಂಗ ಹಾಕಿದ ಹೆಣ್ಣುಮಕ್ಕಳು, ಸೆರಗು ಬಿಟ್ಟ ತಾಯಂದಿರು. ತಿರುಗುವ ಬೆಲ್ಟಿಗೆ ಬಟ್ಟೆ ಸಿಕ್ಕರೆ ಗವರ್ನರು ಅದನ್ನೂ ಭಾರ ಎಂದೇ ತಿಳಿದು ಇನ್ನಷ್ಟು ಡೀಸಲ್ಲು ಬಿಡುತ್ತದೆ. ಹೋದ ಸಲ ನಮ್ಮೂರ ಹಬ್ಬಕ್ಕೆ ತೊಟ್ಟಿಲಿನವರು ಬಂದಾಗ, ಮೊದಲು ಬೆಲ್ಟಿಗೆ ತಗಡಿನ ಮರೆ ಕಟ್ಟಿ, ಆಮೇಲೆ ಟಿಕೆಟ್ ಹರಿಯಿರಿ ಎಂದು ನಾವು ನಿರ್ದೇಶಕರೆಲ್ಲ ನಿಂತು ಹೇಳಿದೆವು. ಅರ್ಧ ಗಂಟೆ ಗೊಣಗಿದರು. ಕಟ್ಟಿದರು.