ಅಕ್ಕಲಕೋಟೆ ಸಂಸ್ಥಾನ: ಮಡಿಲಿನಿಂದ ಮೊದಲಾದ ರಾಜವಂಶ

ಸಂಸ್ಥಾನಗಳ ಚರಿತ್ರೆಯೆಂದರೆ ಕೋಟೆ, ಕತ್ತಿ, ಸಿಂಹಾಸನಗಳ ಕಥೆಯೆಂದು ನಮ್ಮ ಮಕ್ಕಳು ಭಾವಿಸುತ್ತಾರೆ. ಆದರೆ ನೆರೆಯ ಅಕ್ಕಲಕೋಟೆಯ ರಾಜವಂಶ ಮೊದಲಾದುದು ತಾಯಿಯೊಬ್ಬಳ ಮಡಿಲಿನಿಂದ.

1707ರಲ್ಲಿ ಔರಂಗಜೇಬನು ತೀರಿಕೊಂಡ ಬಳಿಕ ಮೊಗಲರ ಸೆರೆಯಿಂದ ಬಿಡುಗಡೆ ಹೊಂದಿದ ಶಾಹೂ ಮಹಾರಾಜರು ಸಾತಾರೆಯತ್ತ ಸಾಗುತ್ತಿದ್ದರು. ದಾರಿಯಲ್ಲಿ ಪಾರದ್ ಎಂಬ ಗ್ರಾಮದಲ್ಲಿ ಕಾಳಗ ನಡೆದು, ಊರಿನ ಪಾಟೀಲರಾದ ಲೋಖಂಡೆಯವರು ಮಡಿದರು. ಅವರ ಪತ್ನಿ ತನ್ನ ಹಸುಳೆ ರಾಣೋಜಿಯನ್ನು ಮಹಾರಾಜರ ಮುಂದಿಟ್ಟು ಅಭಯ ಬೇಡಿದಳು. ಶತ್ರುವಿನ ಮಗುವನ್ನು ಮಹಾರಾಜರು ಸ್ವಂತ ಮಗನಂತೆ ಸಲಹಿದರು. ಫತ್ತೇಸಿಂಹ ಭೋಸಲೆ ಎಂದು ಹೆಸರಿಟ್ಟು, ಮುಂದೆ ಅಕ್ಕಲಕೋಟೆಯನ್ನು ಜಹಗೀರಾಗಿ ನೀಡಿದರು.

1848ರಲ್ಲಿ ಸಾತಾರೆ ಬ್ರಿಟಿಷರ ವಶವಾದಾಗ ಈ ಸಂಸ್ಥಾನ ನೇರವಾಗಿ ಅವರ ಅಧೀನಕ್ಕೆ ಬಂದಿತು. 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಈ ಸೀಮೆ ಮಹಾರಾಷ್ಟ್ರ ರಾಜ್ಯದ ಭಾಗವಾಯಿತು.

ಅರಮನೆಯ ನುಡಿ ಮರಾಠಿ. ಮೈಂದರ್ಗಿ, ದುಧನಿಗಳ ಬಹುಪಾಲು ಮನೆಗಳ ನುಡಿ ಕನ್ನಡ. ಆಳ್ವಿಕೆಗಳು ಬದಲಾದರೂ ಅಡುಗೆಮನೆಯ ಮಾತು ಬದಲಾಗಲಿಲ್ಲ. ಅದನ್ನು ಕಾದವರು ಅರಸರಲ್ಲ, ತಾಯಂದಿರು.

ಇಂದಿಗೂ ಪ್ರತಿ ಜೂನ್ ತಿಂಗಳಲ್ಲಿ ತಾಯಂದಿರು ಮಗುವಿನ ಕೈಹಿಡಿದು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. “ಕನ್ನಡದಲ್ಲಿ ಕಲಿತರೆ ಮುಂದೇನು, ಬಾಯಿಯವರೇ?” ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು, ಉತ್ತರಿಸುವುದು ಸುಲಭವಲ್ಲ. ಜಹಗೀರು ಕೊಡಲು ನಮ್ಮಲ್ಲಿ ಏನೂ ಇಲ್ಲ. ಆದರೂ ಮುಂದಿಟ್ಟ ಮಗುವನ್ನು ನಮ್ಮದೆಂದು ಸ್ವೀಕರಿಸಿ ಬೆಳೆಸುವ ಕರ್ತವ್ಯವಿದೆ. ನೂರು ವರ್ಷ ಈ ಶಾಲೆ ನಡೆಸಿಕೊಂಡು ಬಂದುದು ಅದನ್ನೇ.