ಬೇಟೆ ಹಕ್ಕಿ ಹೆಕ್ಕಿ ತರುವ ರಿಟ್ರೀವರ್: ಮರಿಗೆ ತರಬೇತಿ ಹೇಗಿರುತ್ತದೆ? ಭಾರತದಲ್ಲಿ ಇದಕ್ಕೆ ಅವಕಾಶವಿದೆಯೇ?

ಚೆಂಡು ಎಸೆದರೆ ಓಡಿಹೋಗಿ ಕಚ್ಚಿಕೊಂಡು ಬರುವ ಲ್ಯಾಬ್ರಡಾರ್ ಪುಣೆ, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಸಾಮಾನ್ಯ ದೃಶ್ಯ. ಆದರೆ ಈ ತಳಿಯನ್ನು ಬೆಳೆಸಿದ್ದು ಚೆಂಡಿಗಾಗಿ ಅಲ್ಲ. ಬೇಟೆಗಾರ ಗುಂಡು ಹೊಡೆದು ಬೀಳಿಸಿದ ಹಕ್ಕಿಯನ್ನು ಪೊದೆ ಅಥವಾ ನೀರಿನಿಂದ ಹುಡುಕಿ, ಗಾಯ ಮಾಡದೆ ಒಡೆಯನ ಕೈಗೆ ತಂದು ಕೊಡುವುದು ಇದರ ಮೂಲ ಕೆಲಸ. ಅಂಥ ನಾಯಿಗಳಿಗೆ ಗನ್ ಡಾಗ್ ಎಂದು ಹೆಸರು. ಅವುಗಳ ತರಬೇತಿ ಹೇಗೆ ನಡೆಯುತ್ತದೆ? ನಮ್ಮಲ್ಲಿ ನಿಜವಾದ ಹಕ್ಕಿ ಬಳಸಿ ಕಲಿಸಬಹುದೇ? ಇಲ್ಲಿದೆ ಮಾಹಿತಿ.

ತಳಿಯ ಹಿನ್ನೆಲೆ ಏನು?

ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಮೀನುಗಾರರು ಸಾಕುತ್ತಿದ್ದ, ನೀರಿನಲ್ಲಿ ಕೆಲಸ ಮಾಡುವ ನಾಯಿಗಳೇ ಲ್ಯಾಬ್ರಡಾರ್‌ನ ಪೂರ್ವಜರು. 19ನೇ ಶತಮಾನದಲ್ಲಿ ಬ್ರಿಟನ್‌ಗೆ ಬಂದ ಇವನ್ನು ಅಲ್ಲಿನ ಶ್ರೀಮಂತ ಮನೆತನಗಳು ಬೇಟೆಗಾಗಿ ಬೆಳೆಸಿದವು. ಬ್ರಿಟನ್‌ನ ಕೆನಲ್ ಕ್ಲಬ್ 1903ರಲ್ಲಿ ಇದಕ್ಕೆ ಪ್ರತ್ಯೇಕ ತಳಿಯ ಮಾನ್ಯತೆ ನೀಡಿತು. ಗೋಲ್ಡನ್ ರಿಟ್ರೀವರ್ ಹುಟ್ಟಿದ್ದು ಸ್ಕಾಟ್ಲೆಂಡ್‌ನಲ್ಲಿ. ಲಾರ್ಡ್ ಟ್ವೀಡ್‌ಮೌತ್ ಅವರ ಎಸ್ಟೇಟ್‌ನಲ್ಲಿ 1868ರಲ್ಲಿ ಹುಟ್ಟಿದ ಮರಿಗಳಿಂದ ಈ ತಳಿ ಶುರುವಾಯಿತು.

ಮರಿಗೆ ಮೊದಲು ಕಲಿಸುವುದು ಏನು?

ಬೇಟೆ ಅನುಮತಿಸುವ ದೇಶಗಳಲ್ಲೂ ಮರಿಯ ಬಾಯಿಗೆ ನೇರವಾಗಿ ಹಕ್ಕಿ ಕೊಡುವುದಿಲ್ಲ. ಮೊದಲ ಕೆಲವು ತಿಂಗಳು ಆಟವೇ ಪಾಠ. ಗಿಡ್ಡ ಓಣಿಯಂಥ ಜಾಗದಲ್ಲಿ ಮೆತ್ತನೆಯ ವಸ್ತು ಎಸೆದು, ಮರಿ ಬೇರೆಲ್ಲೂ ಓಡದೆ ನೇರ ಒಡೆಯನ ಬಳಿಗೆ ಬರುವಂತೆ ನೋಡಿಕೊಳ್ಳುತ್ತಾರೆ. ತಂದ ಕೂಡಲೇ ಬಾಯಿಂದ ಕಿತ್ತುಕೊಳ್ಳುವಂತಿಲ್ಲ. ಕಿತ್ತುಕೊಂಡರೆ ಮರಿ ಬಿಗಿಯಾಗಿ ಕಚ್ಚಿಹಿಡಿಯುವುದನ್ನು ಇಲ್ಲವೇ ದೂರ ಓಡುವುದನ್ನು ಕಲಿಯುತ್ತದೆ. ಸುಮಾರು 4ರಿಂದ 6 ತಿಂಗಳ ನಡುವೆ ಹಾಲುಹಲ್ಲು ಉದುರುತ್ತವೆ. ವಸಡು ನೋಯುವ ಆ ದಿನಗಳಲ್ಲಿ ಈ ಪಾಠ ನಿಲ್ಲಿಸುವುದು ರೂಢಿ.

ಆರು ತಿಂಗಳು ದಾಟಿದ ಮೇಲೆ ಕ್ಯಾನ್ವಾಸ್ ಬಟ್ಟೆಯ ಡಮ್ಮಿ ಬರುತ್ತದೆ. ಇದರ ತೂಕ ಸಾಮಾನ್ಯವಾಗಿ 450 ಗ್ರಾಂ ಆಸುಪಾಸು. ಸೀಟಿಯ ಒಂದು ಉದ್ದನೆಯ ಸದ್ದಿಗೆ ನಿಂತಲ್ಲೇ ಕೂರಬೇಕು, ಬಿಟ್ಟುಬಿಟ್ಟು ಊದುವ ಚಿಕ್ಕ ಸದ್ದುಗಳಿಗೆ ಮರಳಿ ಬರಬೇಕು. ಡಮ್ಮಿ ಕಣ್ಣೆದುರೇ ಬಿದ್ದರೂ ಆಜ್ಞೆ ಸಿಗುವವರೆಗೆ ಕದಲಬಾರದು. ತರಬೇತಿಯ ಅತಿ ಕಷ್ಟದ ಭಾಗ ಇದೇ. ಎಸೆದ ಪ್ರತಿ ವಸ್ತುವನ್ನೂ ತರಲು ಬಿಟ್ಟರೆ ನಾಯಿಗೆ ಕಾಯುವುದು ಎಂದೂ ಬರುವುದಿಲ್ಲ. ಹಾಗಾಗಿ ಕೆಲವು ಡಮ್ಮಿಗಳನ್ನು ತರಬೇತುದಾರರೇ ನಡೆದುಹೋಗಿ ಹೆಕ್ಕಿಕೊಳ್ಳುತ್ತಾರೆ.

ಗುಂಡಿನ ಸದ್ದನ್ನೂ ದೂರದಿಂದ ಆರಂಭಿಸಿ, ದಿನಕ್ಕಿಷ್ಟು ಎಂದು ಹತ್ತಿರ ತರುತ್ತಾರೆ. ಒಮ್ಮೆ ಬೆಚ್ಚಿಬಿದ್ದ ನಾಯಿಯ ಭಯ ಬಿಡಿಸುವುದು ಬಹಳ ಕಷ್ಟ. ದೀಪಾವಳಿ ಪಟಾಕಿಗೆ ಮಂಚದಡಿ ಸೇರುವ ನಾಯಿ ನೋಡಿದವರಿಗೆ ಇದು ಹೊಸದಲ್ಲ.

ಡಮ್ಮಿಯಿಂದ ಹಕ್ಕಿಗೆ

ಡಮ್ಮಿ ಪಾಠ ಗಟ್ಟಿಯಾದ ಮೇಲಷ್ಟೇ, ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಹಕ್ಕಿಯ ಪರಿಚಯ. ಮೊದಲು ಡಮ್ಮಿಗೆ ಒಣಗಿದ ರೆಕ್ಕೆ ಕಟ್ಟಿ ವಾಸನೆಗೆ ಒಗ್ಗಿಸುತ್ತಾರೆ. ನಂತರ ಸತ್ತು ತಣ್ಣಗಾದ, ರಕ್ತವಿಲ್ಲದ, ಒಣಗಿದ ಗರಿಯ ಇಡೀ ಹಕ್ಕಿ ಕೊಡುತ್ತಾರೆ. ಪಾರಿವಾಳದ ಗರಿ ಸುಲಭವಾಗಿ ಉದುರಿ ಬಾಯಿಗೆ ಅಂಟುವುದರಿಂದ ಮೊದಲ ಪಾಠಕ್ಕೆ ಅದನ್ನು ಹಲವರು ಬಳಸುವುದಿಲ್ಲ. ಆಗಷ್ಟೇ ಬಿದ್ದ ಬೆಚ್ಚಗಿನ ಹಕ್ಕಿಯ ಸರದಿ ಇನ್ನೂ ನಂತರದ್ದು.

ಗಾಯಗೊಂಡು ಒದ್ದಾಡುವ ಹಕ್ಕಿಯನ್ನು ಎಳೆಯ ನಾಯಿಗೆ ಕೊಡುವುದೇ ಇಲ್ಲ. ಕೊಕ್ಕು, ಉಗುರು ತಾಗಿ ನೋವಾದರೆ ನಾಯಿ ತಿರುಗಿ ಕಚ್ಚಿ ಹಿಸುಕುತ್ತದೆ. ಆ ಚಟ ಅಂಟಿದರೆ ನಾಯಿ ಈ ಕೆಲಸಕ್ಕೆ ಅನರ್ಹ.

ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಈ ಕೊನೆಯ ಹಂತಕ್ಕೆ ದಾರಿ ಇಲ್ಲ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಸೆಕ್ಷನ್ 9 ಪಟ್ಟಿಯಲ್ಲಿರುವ ಪ್ರಾಣಿ, ಪಕ್ಷಿಗಳ ಬೇಟೆಯನ್ನು ನಿಷೇಧಿಸುತ್ತದೆ. 1991ರ ತಿದ್ದುಪಡಿ ಇದನ್ನು ಇನ್ನಷ್ಟು ಬಿಗಿ ಮಾಡಿತು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆಗೆ ಕೆಡವುವುದು, ಗಾಯಗೊಳಿಸುವುದು, ಅದಕ್ಕಾಗಿ ಯತ್ನಿಸುವುದೂ ಬೇಟೆಯೇ. ಕಾಡುಕೋಳಿ, ಗೌಜಲ ಹಕ್ಕಿ, ಕಾಡುಬಾತು ಯಾವುದಕ್ಕೂ ವಿನಾಯಿತಿ ಇಲ್ಲ.

2022ರ ತಿದ್ದುಪಡಿಯ ಬಳಿಕ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನವಿಲಿನಂಥ ಮೊದಲ ಪಟ್ಟಿಯ ಪಕ್ಷಿಯಾದರೆ 3ರಿಂದ 7 ವರ್ಷ ಜೈಲು ಹಾಗೂ ಕನಿಷ್ಠ 25 ಸಾವಿರ ರೂ. ದಂಡವಿದೆ. ಸಾಕು ಹಕ್ಕಿಯನ್ನು ಕಟ್ಟಿಹಾಕಿ ಮನರಂಜನೆಗಾಗಿ ನಾಯಿಗೆ ಬಲಿ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11ರಡಿ ಅಪರಾಧ.

ನಾಯಿ ತಾನಾಗಿಯೇ ಹೋಗಿ ಹಿಡಿದರೂ ತೊಂದರೆ ಒಡೆಯನ ಬಾಗಿಲಿಗೇ ಬರಬಹುದು. ಪುಣೆಯ ವೇತಾಳ ಟೇಕಡಿಯಲ್ಲಿ ನವಿಲುಗಳಿವೆ, ಪಾಷಾಣ ಕೆರೆಗೆ ನೀರುಹಕ್ಕಿಗಳು ಬರುತ್ತವೆ. ಇಂಥ ಕಡೆ ಬೆಳಗಿನ ವಾಕಿಂಗ್‌ಗೆ ಹೋದಾಗ ರಿಟ್ರೀವರ್‌ನ ಬೆಲ್ಟ್ ಬಿಚ್ಚದಿರುವುದೇ ಲೇಸು.

ಪುಣೆಯ ಪಾಠ: ತರಬೇಡ, ಕುಳಿತುಕೋ

ಹಾಗಾದರೆ ಈ ತಳಿಯ ಪ್ರತಿಭೆ ಇಲ್ಲಿ ವ್ಯರ್ಥವೇ? ಇಲ್ಲ ಎನ್ನಲು ಪುಣೆಯಲ್ಲೇ ಉದಾಹರಣೆ ಇದೆ. ಶಿವಾಜಿನಗರದಲ್ಲಿರುವ ಮಹಾರಾಷ್ಟ್ರ ಸಿಐಡಿಯ ಶ್ವಾನ ತರಬೇತಿ ಕೇಂದ್ರದಲ್ಲಿ ಪಳಗಿದ ಲ್ಯಾಬ್ರಡಾರ್ ಜಂಜೀರ್, 1992ರ ಡಿಸೆಂಬರ್‌ನಲ್ಲಿ ಮುಂಬೈ ಪೊಲೀಸರ ಬಾಂಬ್ ಪತ್ತೆ ದಳ ಸೇರಿತು. 1993ರ ಮಾರ್ಚ್ 12ರ ಸರಣಿ ಸ್ಫೋಟದ ನಂತರದ ಕಾರ್ಯಾಚರಣೆಗಳಲ್ಲಿ ಅದು 3,329 ಕೆ.ಜಿ ಆರ್‌ಡಿಎಕ್ಸ್, 600 ಡಿಟೊನೇಟರ್, 249 ಗ್ರೆನೇಡ್ ಹಾಗೂ 6,406 ಜೀವಂತ ಗುಂಡುಗಳ ಪತ್ತೆಗೆ ನೆರವಾಯಿತು. 2000ದ ನವೆಂಬರ್‌ನಲ್ಲಿ ಮೂಳೆ ಕ್ಯಾನ್ಸರ್‌ನಿಂದ ಸಾವನ್ನಪ್ಪಿದ ಅದಕ್ಕೆ ಪೊಲೀಸ್ ಗೌರವ ಸಲ್ಲಿಸಲಾಯಿತು.

ಬಾಂಬ್ ಪತ್ತೆ ನಾಯಿಗೆ ಸ್ಫೋಟಕದ ವಾಸನೆ ಹಿಡಿದರೆ ಚೆಂಡು ಬಹುಮಾನ. ಆದರೆ ಸಿಕ್ಕ ವಸ್ತುವನ್ನು ಮುಟ್ಟುವಂತಿಲ್ಲ, ಬೊಗಳುವಂತಿಲ್ಲ, ಸುಮ್ಮನೆ ಕೂತು ಸೂಚನೆ ಕೊಡಬೇಕು. ಬಾಯಿ ಹಾಕಿದರೆ ನಾಯಿ, ಹ್ಯಾಂಡ್ಲರ್ ಇಬ್ಬರ ಜೀವಕ್ಕೂ ಅಪಾಯ. ಬೇಟೆ ನಾಯಿಗೆ ಡಮ್ಮಿ ಮುಂದೆ ಕಲಿಸುವ ತಾಳ್ಮೆಯೇ ಇಲ್ಲಿ ಜೀವ ಉಳಿಸುತ್ತದೆ.

ಮುಧೋಳ ನಾಯಿಗೂ ಕಲಿಸಬಹುದೇ?

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಗುರುತಿಸಿ ಓಡಿ ಹಿಡಿಯುವ ತಳಿ. ಮೊಲದ ಹಿಂದೆ ಬಿದ್ದು ಕೆಡವುವುದು ಅದರ ಸ್ವಭಾವ, ಜೋಪಾನವಾಗಿ ತಂದುಕೊಡುವುದಲ್ಲ. ಮೂಲ ವಿಧೇಯತೆ ಚೆನ್ನಾಗಿ ಕಲಿಯುತ್ತದೆ, ಆದರೆ ಲ್ಯಾಬ್ರಡಾರ್‌ನಷ್ಟು ಸಹಜವಾಗಿ ಹೆಕ್ಕಿ ತರುವುದನ್ನು ನಿರೀಕ್ಷಿಸಬಾರದು.

ಮನೆಯಲ್ಲಿ ಸಾಕುವವರಿಗೆ ಕಿವಿಮಾತು

ದಿನಕ್ಕೆ ಹತ್ತು ನಿಮಿಷದ ಪಾಠ ಸಾಕು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಹಳೆ ಕಾಲುಚೀಲಕ್ಕೆ ಬಟ್ಟೆ ತುರುಕಿದರೂ ಡಮ್ಮಿ ಆಗುತ್ತದೆ. ಹುಲ್ಲಿನಲ್ಲಿ ಬಚ್ಚಿಟ್ಟು ಮೂಗಿನಿಂದ ಹುಡುಕಿಸಿ. ಮರಿಗೆ ಇನ್ನೂ ಬೇಕು ಎನಿಸುತ್ತಿರುವಾಗಲೇ ಆಟ ನಿಲ್ಲಿಸಿ, ಮರುದಿನ ಅದು ತಾನಾಗಿಯೇ ನಿಮ್ಮ ಬಳಿ ಬರುತ್ತದೆ.