ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೂಳೆ ನೋವು ಅಂದ್ರೆ ಎಕ್ಸ್-ರೇ ತೆಗೆಸ್ತೀವಿ. ಬಿರುಕು ಕಂಡರೆ ಪ್ಲಾಸ್ಟರ್ ಹಾಕ್ತಾರೆ, ಅಲ್ಲಿಗೆ ಕತೆ ಮುಗೀತು. ಆದರೆ ಬಿರುಕು ಕಂಡರೂ ಕಾರಣ ಕಾಣದ ಕಾಯಿಲೆ ಒಂದಿದೆ. ಅದರ ಚರಿತ್ರೆ ಓದ್ತಾ ಹೋದ ಹಾಗೆ ನನಗೆ ಪತ್ತೇದಾರಿ ಕಾದಂಬರಿ ಓದಿದಂತಾಯ್ತು. ನಿಮಗೂ ಹೇಳೋಣ ಅಂತ...

ದೇಹದಲ್ಲಿ ಎಲ್ಲೋ ಒಂದು ಪುಟ್ಟ ಗಡ್ಡೆ. ಹೆಚ್ಚಿನ ಸಲ ಕ್ಯಾನ್ಸರ್ ಕೂಡ ಅಲ್ಲ. ಅದು ಸುರಿಸುವ ಹಾರ್ಮೋನಿನಿಂದಾಗಿ ಕಿಡ್ನಿ ಫಾಸ್ಫೇಟನ್ನು ಮೂತ್ರದಲ್ಲಿ ಚೆಲ್ಲಿಬಿಡುತ್ತದೆ. ಗಟ್ಟಿಯಾಗಲು ಬೇಕಾದ ಸರಕೇ ಇಲ್ಲದೆ ಮೈಯ ಮೂಳೆಗಳೆಲ್ಲ ಮೆತ್ತಗಾಗುತ್ತವೆ. ಗಡ್ಡೆ ಪಾದದಲ್ಲಿದ್ದು ನೋವು ಸೊಂಟದಲ್ಲಿರಬಹುದು!

ಮೆತ್ತಗಾದ ಮೂಳೆಗೆ ಅಡ್ಡಲಾಗಿ ಎಕ್ಸ್-ರೇಯಲ್ಲಿ ಕಾಣುವ ಪಟ್ಟೆಗಳಿಗೆ ಸ್ವಿಟ್ಜರ್ಲೆಂಡಿನ ಎಮಿಲ್ ಲೂಸರ್ ಹೆಸರಿದೆ. ಅವರು ಅವನ್ನು ವಿವರಿಸಿದ್ದು 1920ರಲ್ಲಿ. 1947ರಲ್ಲಿ ಇಂಗ್ಲೆಂಡಿನ ಮೆಕ್ಯಾನ್ಸ್ ಒಬ್ಬ ಹುಡುಗಿಯ ಕತೆ ಬರೆದರು. ಸುಮಾರು 15ರ ವಯಸ್ಸಿನಲ್ಲಿ ಶುರುವಾದ ಕಾಯಿಲೆ. ಎಕ್ಸ್-ರೇಯಲ್ಲಿ ಅದೇ ಪಟ್ಟೆಗಳು. ವಿಟಮಿನ್ ಡಿ ಕೊಟ್ಟೇ ಕೊಟ್ಟರು. ತೊಡೆಮೂಳೆಯ ಗಡ್ಡೆ ತೆಗೆದ ಮೇಲೆ ಆಕೆ ಚೇತರಿಸಿಕೊಂಡಳು. ಆದರೂ ಗಡ್ಡೆಯೇ ಕಳ್ಳ ಅಂತ ಯಾರಿಗೂ ಹೊಳೆಯಲಿಲ್ಲ. ಅದನ್ನು ಮೊದಲು ಹೇಳಿದ್ದು 1959ರಲ್ಲಿ, ಜ್ಯೂರಿಕ್‌ನ ಆಂಡ್ರಿಯಾ ಪ್ರಾಡರ್ ಮತ್ತು ಸಂಗಡಿಗರು. ಬಾಲಕಿಯೊಬ್ಬಳ ಪಕ್ಕೆಲುಬಿನ ಗಡ್ಡೆ ತೆಗೆದ ಮೇಲೆ ಅವಳ ರಿಕೆಟ್ಸ್ ವಾಸಿಯಾಗಿತ್ತು.

ಕಳ್ಳ ಯಾರು ಅಂತ ಗೊತ್ತಾಯ್ತು, ಸರಿ. ಅಡಗಿರೋದು ಎಲ್ಲಿ? ಕಡಲೆಕಾಳಿನಷ್ಟು ಗಡ್ಡೆಯನ್ನು ಇಡೀ ಮೈಯಲ್ಲಿ ಹುಡುಕುವುದು ಹೇಗೆ? ದಾರಿ ಕಂಡದ್ದು 1990ರ ದಶಕದ ಕೊನೆಯಲ್ಲಿ. ಇಂಥ ಅನೇಕ ಗಡ್ಡೆಗಳ ಮೇಲೆ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ಅಂಟಿಕೊಳ್ಳುವ ಜಾಗಗಳಿರುತ್ತವೆ. ಅಲ್ಲಿ ಹೋಗಿ ಕೂರುವ ವಸ್ತುವಿಗೆ ಒಂದಿಷ್ಟು ವಿಕಿರಣ ಸೇರಿಸಿ ರಕ್ತಕ್ಕೆ ಬಿಟ್ಟರೆ ಗಡ್ಡೆ ತಾನೇ ಹೊಳೆಯುತ್ತದೆ. ಮೊದಲು ಇಂಡಿಯಂ, ಆಮೇಲೆ ಇನ್ನೂ ಸ್ಪಷ್ಟ ಚಿತ್ರ ಕೊಡುವ ಗ್ಯಾಲಿಯಂ-68 ಪೆಟ್ ಸ್ಕ್ಯಾನ್. ಈ ನಡುವೆ 2001ರಲ್ಲಿ ಜಪಾನಿನ ವಿಜ್ಞಾನಿಗಳು ಗಡ್ಡೆ ಸುರಿಸುವ ಹಾರ್ಮೋನು ಎಫ್‌ಜಿಎಫ್-23 ಎಂದು ತೋರಿಸಿದರು.

ಇಲ್ಲೂ ಎರಡು ಎಡವಟ್ಟುಗಳಿವೆ. ಮಾಮೂಲಿ ಪೆಟ್ ಸ್ಕ್ಯಾನ್ ತಲೆಯಿಂದ ತೊಡೆಯ ನಡುವಿನವರೆಗೆ ಮಾತ್ರ. ಈ ಗಡ್ಡೆಗಳೋ ಕಾಲು, ಪಾದಗಳಲ್ಲೂ ಸಾಕಷ್ಟು. ಅಂಗಾಲಿನವರೆಗೂ ನೋಡದಿದ್ದರೆ ಕಳ್ಳ ಬಚಾವ್! ಇನ್ನೊಂದು, ಕೂಡಿಕೊಳ್ಳುತ್ತಿರುವ ಮೂಳೆಮುರಿತವೂ ಸ್ಕ್ಯಾನಿನಲ್ಲಿ ಹೊಳೆಯಬಹುದು. ಅದಕ್ಕೇ ಸಿಟಿ ಅಥವಾ ಎಂಆರ್‌ಐ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಗಡ್ಡೆ ಪೂರ್ತಿ ತೆಗೆದರೆ ಸಾಮಾನ್ಯವಾಗಿ ರೋಗವೇ ಮಾಯ. ಸಿಗದವರಿಗೆ, ತೆಗೆಯಲಾಗದವರಿಗೆ ಅಂತ 2020ರಲ್ಲಿ ಅಮೆರಿಕ ಬ್ಯುರೊಸುಮಾಬ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇಷ್ಟೇ. ಏನನ್ನು ಹುಡುಕಬೇಕು ಅಂತ ಗೊತ್ತಿಲ್ಲದಿದ್ದರೆ ಎಂಥ ಯಂತ್ರವಿದ್ದೂ ಕುರುಡೇ. ಎಷ್ಟೋ ಮಂದಿ ವರ್ಷಗಟ್ಟಲೆ ವಾತ, ಬೆನ್ನುನೋವು, ಮನಸ್ಸಿನ ಕಾಯಿಲೆ ಅಂತ ಅಲೆದಿದ್ದಾರೆ. ಮೊದಲ ಸುಳಿವು ಸಿಗೋದು ದುಬಾರಿ ಸ್ಕ್ಯಾನಿನಲ್ಲಲ್ಲ, ರಕ್ತದ ಫಾಸ್ಫೇಟ್ ಪರೀಕ್ಷೆಯಲ್ಲಿ. ಮಾಮೂಲಿ ತಪಾಸಣೆಯಲ್ಲಿ ಅದು ಎಷ್ಟೋ ಸಲ ಇರುವುದೇ ಇಲ್ಲ.

ನಿಮ್ಮ ಬಳಗದಲ್ಲಿ ಯಾರಾದರೂ ಕಾರಣ ತಿಳಿಯದ ಮೂಳೆನೋವಿನಿಂದ ನರಳುತ್ತಿದ್ದರೆ, ಫಾಸ್ಫೇಟ್ ನೋಡಿದ್ದೀರಾ ಅಂತ ಡಾಕ್ಟರನ್ನು ಕೇಳಲು ಹೇಳಿ. ಕೇಳಿದರೆ ನಷ್ಟವೇನಿಲ್ಲ, ಅಲ್ವಾ?